ನನ್ನ ಹೆಗಲಾಚೆ ನೋಡುತ್ತಿದ್ದ ಡಾಕ್ಟರು

ಅವರು ತೀರಿಹೋದ ಸುದ್ದಿ ತಿಳಿದು ಉಪ್ಪಾರಹಳ್ಳಿಯ ಮನೆಗೆ ಹೋದಾಗ ಅಂಗಳದ ತುಂಬ ಹಳೆಯ ಪೇಷಂಟುಗಳಿದ್ದರು. ಕುಣಿಗಲ್ ಕಡೆಯವರು, ಗುಬ್ಬಿ ಕಡೆಯವರು, ಹೆಚ್ಚಿನವರು ಅರವತ್ತು ದಾಟಿದ ಗಂಡಸರು. ಅವರಲ್ಲೊಬ್ಬರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಹೆತ್ತ ತಾಯಿನೂ ನೋಡ್ದೇ ಇರೋ ಜಾಗನ ನೋಡಿದ್ರು ಕಣ್ರೀ ಈ ಪುಣ್ಯಾತ್ಮ" ಎಂದರು. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಎಂಟು ವರ್ಷ ಅವರ ಪಕ್ಕದಲ್ಲಿ ಥಿಯೇಟರ್ ಸಿಸ್ಟರ್ ಆಗಿ ನಿಂತವಳು ನಾನು. ಅವರು ಏನು ನೋಡಿದ್ದರು, ಏನು ನೋಡಿರಲಿಲ್ಲ ಎನ್ನುವುದು ಆ ಅಂಗಳದಲ್ಲಿ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾವು ಕೆಲಸ ಮಾಡುತ್ತಿದ್ದ ತುಮಕೂರಿನ ನರ್ಸಿಂಗ್ ಹೋಮಿನ ಹೆಸರೂ ಬೇಡ. ಅದು ಮುಚ್ಚಿ ಎಷ್ಟೋ ಕಾಲವಾಯಿತು, ಅಲ್ಲೀಗ ಬಟ್ಟೆ ಅಂಗಡಿ ಇದೆ.

ತೊಂಬತ್ತಮೂರರಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನನ್ನು ಮಾತಾಡಿಸಿದಾಗ ನಾನು ತಿರುಗಿ ಹಿಂದೆ ನೋಡಿದ್ದೆ. ಅವರ ಮುಖ ನನ್ನ ಕಡೆಗಿತ್ತು, ಮಾತು ನನ್ನ ಜೊತೆಗಿತ್ತು, ಆದರೆ ಕಣ್ಣು ನನ್ನ ಎಡ ಹೆಗಲಿನಾಚೆ ಯಾರನ್ನೋ ನೋಡುತ್ತಿತ್ತು. ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಎಲ್ಲರ ಜೊತೆಯೂ ಹಾಗೆಯೇ. ಹೊಸಬರು ಒಂದು ಸಲವಾದರೂ ಹಿಂದೆ ತಿರುಗಿ ನೋಡುತ್ತಿದ್ದರು. ಆಯಾ ಕೆಲಸದ ಹೆಂಗಸು, "ಡಾಕ್ಟ್ರಿಗೆ ಸತ್ತೋರು ಕಾಣ್ತಾರೆ, ನೀ ಸುಮ್ಕಿರವ್ವ" ಎಂದು ನನಗೆ ಮೊದಲ ವಾರವೇ ಗುಟ್ಟು ಹೇಳಿದ್ದಳು. ನಾನು ನಕ್ಕಿದ್ದೆ. ಆದರೂ ಸಂಜೆ ಸ್ಟೆರಿಲೈಸರ್ ಇದ್ದ ಕೋಣೆಗೆ ಒಬ್ಬಳೇ ಹೋಗುವಾಗ ಹೆಗಲು ಒಂದಿಷ್ಟು ತಣ್ಣಗಾಗುತ್ತಿದ್ದದ್ದು ಸುಳ್ಳಲ್ಲ.

ಕೊಯ್ಯದೆ, ಹೊಲಿಗೆ ಹಾಕದೆ ಮೂತ್ರಕೋಶದ ಕಲ್ಲು ತೆಗೆಯುವುದು ಅವರ ಹೆಸರುವಾಸಿ ಕೆಲಸ. ಪೆನ್ನಿನಷ್ಟು ದಪ್ಪದ ಉದ್ದನೆಯ ಲೋಹದ ಕೊಳವೆ, ನಾವು ಸ್ಕೋಪು ಎನ್ನುತ್ತಿದ್ದೆವು, ಮೂತ್ರದ ದಾರಿಯಲ್ಲೇ ಒಳಗೆ ಹೋಗುತ್ತಿತ್ತು. ಅದರ ತುದಿಗೆ ಬೆಳಕು. ಬೆಳಕು ಬರುವುದು ಪಕ್ಕದಲ್ಲಿರುವ ಒಂದು ಪೆಟ್ಟಿಗೆಯಿಂದ, ವಯರಿನ ಮೂಲಕ. ಈಚೆ ತುದಿಯಲ್ಲಿ ಕಡಲೆಕಾಳಿನಷ್ಟು ಗಾಜು, ಅದಕ್ಕೆ ಡಾಕ್ಟರು ಒಂದು ಕಣ್ಣಿಟ್ಟು ನೋಡಬೇಕು. ಆಗ ಟೀವಿ ಇಲ್ಲ, ಕ್ಯಾಮೆರಾ ಇಲ್ಲ. ಒಳಗೆ ಏನಿದೆ ಎಂದು ಇಡೀ ಥಿಯೇಟರಿನಲ್ಲಿ ಕಾಣುತ್ತಿದ್ದದ್ದು ಒಂದೇ ಒಂದು ಕಣ್ಣಿಗೆ. ಮಿಕ್ಕವರೆಲ್ಲ ಅವರು ಹೇಳಿದ್ದನ್ನು ನಂಬಬೇಕು.

ಅವರು ಹೇಳುತ್ತಲೂ ಇದ್ದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿರುವುದರಿಂದ ಪೇಷಂಟಿಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿರುತ್ತದೆ, ಎಚ್ಚರವಿರುತ್ತದೆ, ಕಿವಿ ಕೇಳುತ್ತಿರುತ್ತದೆ. ಅವರ ಭಯ ಹೋಗಲಿ ಎಂದು ಇವರು ಒಳಗಿನದನ್ನೆಲ್ಲ ಮನೆ ತೋರಿಸುವವರ ಹಾಗೆ, ತಗ್ಗಿದ ದನಿಯಲ್ಲಿ ವರ್ಣಿಸುವರು. "ಬಾಗಿಲು ದಾಟ್ದೆ ಯಜಮಾನ್ರೆ. ಸ್ವಲ್ಪ ಇಕ್ಕಟ್ಟಿದೆ, ಪರವಾಗಿಲ್ಲ. ಈಗ ಹಜಾರಕ್ಕೆ ಬಂದೆ. ಬಲಗಡೆ ಒಂದು ಕಿಟಕಿ, ಎಡಗಡೆ ಒಂದು ಕಿಟಕಿ." ಕಿಟಕಿ ಎಂದರೆ ಎರಡು ಕಿಡ್ನಿಗಳಿಂದ ಮೂತ್ರ ಇಳಿಯುವ ತೂತುಗಳು. "ಓ, ಇಲ್ಲಿದಾನೆ ನೋಡಿ, ಮೂಲೆಲಿ ಕೂತಿದಾನೆ." ಕೂತಿದ್ದವನು ಕಲ್ಲು. ಮೇಲಿನಿಂದ ತೂಗುಬಿಟ್ಟ ಬಾಟಲಿಯ ನೀರು ತೊಟ್ಟಿಕ್ಕುವ ಸದ್ದು, ಆ ದನಿ, ಬೇರೇನೂ ಇಲ್ಲ. ಮಲಗಿದ ಮುದುಕರು ತಮ್ಮ ಹೊಟ್ಟೆಯೊಳಗೆ ಯಾರೋ ಅಪರಿಚಿತ ಓಡಾಡುತ್ತಿರುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊತ್ತಗೆರೆಯ ಒಬ್ಬರು ಆಪರೇಷನ್ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು, "ಡಾಕ್ಟ್ರು ಆಚೆ ಬಂದವ್ರಾ, ಇಲ್ಲ ಇನ್ನೂ ಒಳಗೇ ಅವ್ರಾ?" ಎಂದು ಕೇಳಿದ್ದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು.

ಮುಖ ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ಗುರುವಾರ ಗುರುವಾರ ಕುಣಿಗಲ್ಲಿಗೆ ಹೋಗಿ ಪೇಷಂಟು ನೋಡುತ್ತಿದ್ದೆವು. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಅದೇ ಕೊತ್ತಗೆರೆಯವರು ಎದುರಿಗೆ ಬಂದು ಕೈಮುಗಿದರೆ ಇವರು ಗುರುತೇ ಇಲ್ಲದವರಂತೆ ದಾಟಿ ಹೋದರು. ಅವರು ಬಿಡದೆ, "ನಾನು ಸಾ, ಗುರ್ತು ಸಿಗ್ಲಿಲ್ವಾ?" ಎಂದರು. ಇವರು ನಿಂತರು, ಅವರ ಕೈ ಹಿಡಿದುಕೊಂಡರು, ಹೆಗಲಾಚೆ ನೋಡಿ ನಿಧಾನಕ್ಕೆ ಹೇಳಿದರು.

"ಎಡಗಡೆ ಕಿಟಕಿ ಪಕ್ಕ. ಎರಡು ಕಲ್ಲು. ಒಂದು ದೊಡ್ಡದು, ಒಂದು ಅದರ ಮಗ."

ಆ ಮನುಷ್ಯ ಸಂತೋಷದಲ್ಲಿ ನಗುತ್ತಾ ಒಮ್ಮೆ ತನ್ನ ಹಿಂದೆ ತಿರುಗಿ ನೋಡಿಕೊಂಡರು. "ನಾನು ಮುಖ ನೋಡೋನಲ್ಲ ಸಿಸ್ಟರ್, ಒಳಗೆ ನೋಡೋನು" ಎಂದು ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೇಳಿದರು. ದೊಡ್ಡ ಮನುಷ್ಯರ ದೊಡ್ಡ ಮಾತು ಎಂದುಕೊಂಡು ನಾನೂ ಹತ್ತು ಜನರಿಗೆ ಅದನ್ನು ಹೇಳಿಕೊಂಡು ತಿರುಗಿದೆ.

ನನಗೆ ವಿದ್ಯೆ ಕಲಿಸಿದವರು ಅವರೇ. ಎಕ್ಸ್‌ರೇ ಫಿಲ್ಮನ್ನು ಗೋಡೆಯ ಮೇಲಿನ ಬೆಳಕಿನ ಹಲಗೆಗೆ ಸಿಕ್ಕಿಸಿ, ಕೈ ಕಟ್ಟಿಕೊಂಡು ನಿಂತು, "ಓದಿ ಸಿಸ್ಟರ್" ಎನ್ನುವರು. ಕಲ್ಲು ಎಲ್ಲಿದೆ, ಎಷ್ಟಗಲ, ಅಂಚು ನುಣುಪೋ ಮುಳ್ಳೋ, ಎಲ್ಲ ನಾನು ಹೇಳಬೇಕು. ತಪ್ಪಿದರೆ, "ಇನ್ನೊಂದ್ಸಲ ನೋಡಿ ಹೇಳಿ, ಅವಸರ ಇಲ್ಲ." ಬೇರೆ ಕಡೆ ಸಿಸ್ಟರುಗಳಿಗೆ ಫಿಲ್ಮು ಮುಟ್ಟಲೂ ಬಿಡುತ್ತಿರಲಿಲ್ಲ. ನಾನಂತೂ ಹಿಗ್ಗಿಹೋಗಿದ್ದೆ. ಕೇಸ್ ಶೀಟ್ ಬರೆಯುವುದೂ ನಾನೇ, ಅವರು ಹೇಳುತ್ತಾ ಹೋಗುವುದು. ಟ್ರೇಯಲ್ಲಿ ಸಾಮಾನುಗಳ ಸಾಲು ಒಂದು ಬೆರಳಗಲ ಆಚೀಚೆ ಆದರೂ ಸಿಡುಕುವರು. ಅವರ ಸ್ಟೂಲನ್ನು ಯಾರಾದರೂ ಸರಿಸಿದ ದಿನ ಥಿಯೇಟರಿನಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಬರಬರುತ್ತಾ ಪ್ರಾಸ್ಟೇಟ್ ಕೇಸುಗಳನ್ನು ಬೆಂಗಳೂರಿಗೆ ಕಳಿಸತೊಡಗಿದರು, ಗಡ್ಡೆ ಎಂಬ ಅನುಮಾನ ಇದ್ದರೂ ಅಷ್ಟೇ. ಮೂತ್ರಕೋಶದ ಕಲ್ಲು ಮಾತ್ರ ಇಟ್ಟುಕೊಂಡರು. ವಯಸ್ಸಾಯಿತು, ಕೆಲಸ ಕಡಿಮೆ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆವು.

ತೊಂಬತ್ತೆಂಟರಲ್ಲಿ ಅಕ್ಕನ ಬಾಣಂತನಕ್ಕೆಂದು ಇಪ್ಪತ್ತು ದಿನ ರಜೆ ಹಾಕಿ ಗುಬ್ಬಿಯಲ್ಲಿದ್ದೆ. ಮರಳಿದ ದಿನವೇ ಬೆಳಿಗ್ಗೆ ಒಂದು ಕಲ್ಲಿನ ಕೇಸು. ಎಲ್ಲ ಸಿದ್ಧ ಮಾಡಿಕೊಟ್ಟೆ. ಅವರು ಸ್ಕೋಪಿಗೆ ಕಣ್ಣಿಟ್ಟು ಎಂದಿನಂತೆ ಶುರು ಮಾಡಿದರು. ಬಾಗಿಲು ದಾಟಿದರು. ಹಜಾರಕ್ಕೆ ಬಂದರು. ಬಲಗಡೆ ಕಿಟಕಿ, ಎಡಗಡೆ ಕಿಟಕಿ. "ಓ, ಇಲ್ಲಿದಾನೆ. ಹಳೇ ಸೋಪಿನ ಥರ ಹಳದಿ ಬಣ್ಣ ಯಜಮಾನ್ರೆ, ಒಂದು ಕಡೆ ಚಪ್ಪಟೆ." ನಾನು ನೀರಿನ ಬಾಟಲಿ ಬದಲಿಸಲು ತಿರುಗಿದವಳು ಸ್ಕೋಪಿಗೆ ಬೆಳಕು ಕೊಡುವ ಪೆಟ್ಟಿಗೆಯ ಕಡೆ ನೋಡಿದೆ.

ಪೆಟ್ಟಿಗೆ ಆಫ್ ಆಗಿತ್ತು. ವಯರು ಸಿಕ್ಕಿಸಿದ್ದೆ, ಸ್ವಿಚ್ಚು ಹಾಕಿರಲಿಲ್ಲ. ಇಪ್ಪತ್ತು ದಿನದ ರಜೆಯ ಮರೆವು ಅದು. ಒಳಗೆ ಕಗ್ಗತ್ತಲೆ. ಆ ಕತ್ತಲೆಗೆ ಕಣ್ಣಿಟ್ಟುಕೊಂಡು ಅವರು, "ಮೂಲೆಲಿ ಒಂದಿಷ್ಟು ಮರಳಿದೆ, ಅದನ್ನೂ ತೊಳಿಯೋಣ" ಎನ್ನುತ್ತಿದ್ದರು.

ಪೇಷಂಟಿನ ಎದೆಯ ಹತ್ತಿರ ಅಡ್ಡ ಕಟ್ಟಿದ ಬಟ್ಟೆ ಪರದೆಯ ಆಚೆ ಅನಸ್ತೇಷಿಯಾ ಡಾಕ್ಟರು ಪೇಪರ್ ಓದುತ್ತಿದ್ದರು. ಪೇಷಂಟು ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು ಹೋಗಿ ಸ್ವಿಚ್ಚು ಹಾಕಿದೆ. ಟಕ್ ಎಂದಿತು. ಅವರ ಮಾತು ಒಂದು ಕ್ಷಣ ನಿಂತಿತು, ಆಮೇಲೆ ಮುಂದುವರಿಯಿತು. ಸ್ಕೋಪಿನ ಜೊತೆ ಒಳಗೆ ಹೋಗುವ ಕಲ್ಲೊಡೆಯುವ ಇಕ್ಕಳದ ಬಾಯಲ್ಲಿ ಕಲ್ಲು ಕಟಕಟ ಎಂದು ಒಡೆಯುವ ಸದ್ದು ಕೇಳಿತು. ಅಡಕೆ ಕತ್ತರಿಸಿದ ಹಾಗೆ, ದಿನಾ ಕೇಳುವ ಸದ್ದೇ. ಅವತ್ತು ಮಾತ್ರ ಹೊರಬಂದ ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ.

ಕೈ ತೊಳೆಯುವ ನಲ್ಲಿಯ ಹತ್ತಿರ ಅವರೇ ಕೇಳಿದರು.

"ಲೈಟ್ ಯಾವಾಗ ಹಾಕಿದ್ರಿ ಸಿಸ್ಟರ್?"

"ಕಲ್ಲು ಹಳದಿ ಅಂದಮೇಲೆ ಸಾರ್."

ಅವರು ನಲ್ಲಿ ನಿಲ್ಲಿಸಿದರು. "ಹಳದಿನೇ ಇತ್ತಾ?"

"ಹಳದಿನೇ ಸಾರ್. ಚೂರು ನೋಡಿದೆ."

"ಮುದುಕರ ಕಲ್ಲು ಸಾಮಾನ್ಯ ಹಳದಿನೇ" ಎಂದರು. ಆಮೇಲೆ ಮೊದಲ ಸಲ ತಮ್ಮ ಕಣ್ಣಿನ ವಿಷಯ ಹೇಳಿದರು. ನಟ್ಟನಡುವೆ ನೋಟ ಸತ್ತುಹೋಗಿತ್ತು. ಅಂಚಿನಲ್ಲಿ ಉಳಿದಿತ್ತು. ನಿಮ್ಮ ಮುಖವನ್ನು ಒಂದಿಷ್ಟಾದರೂ ಕಾಣಬೇಕಾದರೆ ನಿಮ್ಮ ಹೆಗಲಾಚೆ ನೋಡಬೇಕು. ಓಡಾಡುವುದಕ್ಕೆ ತೊಂದರೆಯಿಲ್ಲ. ಓದುವುದಕ್ಕೆ, ಮುಖ ಗುರುತಿಸುವುದಕ್ಕೆ, ಸ್ಕೋಪಿನ ಆ ಚಿಕ್ಕ ಗಾಜಿನಲ್ಲಿ ಏನನ್ನಾದರೂ ಕಾಣುವುದಕ್ಕೆ ಆಗದು. ನಾನು ಸೇರುವ ಮೊದಲೇ ಶುರುವಾದದ್ದು, ನಾಲ್ಕು ವರ್ಷದಿಂದ ಪೂರ್ತಿ ಹೀಗೇ ನಡೆದಿತ್ತು.

"ಸದ್ದು ಮಾಡೋದನ್ನ ಮಾತ್ರ ಮುಟ್ತೀನಿ ಸಿಸ್ಟರ್. ಲೋಹ ತಾಗಿದ್ರೆ ಕಲ್ಲು ಟಿಕ್ ಅನ್ನುತ್ತೆ. ಅಷ್ಟು ಸಾಕು ನನಗೆ. ಮೆತ್ತಗಿರೋದು ಸದ್ದು ಮಾಡಲ್ಲ, ಅದಕ್ಕೇ ಅದನ್ನೆಲ್ಲ ಬೆಂಗಳೂರಿಗೆ ಕಳಿಸೋದು."

ಹಾಗಾದರೆ ನನಗೆ ಎಕ್ಸ್‌ರೇ ಓದಲು ಕಲಿಸಿದ್ದು ವಿದ್ಯಾದಾನಕ್ಕಲ್ಲ. ಸಿಟ್ಟು ಬಂತು, ಹೆದರಿಕೆಯೂ ಆಯಿತು. ಯಾರಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅವರ ಕೈಯಲ್ಲಿ ಒಬ್ಬರಿಗೂ ಕೆಟ್ಟದ್ದಾಗಿರಲಿಲ್ಲ ಎಂಬುದು ಒಂದು ನೆವ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವತ್ತಿನಿಂದ ಪ್ರತಿ ಕೇಸಿನ ಕೊನೆಯಲ್ಲಿ, "ಸಿಸ್ಟರ್ ಒಮ್ಮೆ ನೋಡಿ ಕಲೀಲಿ" ಎಂದು ಅವರು ಸ್ಟೂಲು ಬಿಟ್ಟು ಏಳುತ್ತಿದ್ದರು, ನಾನು ಗಾಜಿಗೆ ಕಣ್ಣಿಡುತ್ತಿದ್ದೆ. ನಾನು "ಸರಿ ಸಾರ್" ಎಂದರೆ ಮಾತ್ರ ಸ್ಕೋಪು ಹೊರಗೆ. ಮೊದಲ ಸಲ ನೋಡಿದ್ದು ಇನ್ನೂ ಕಣ್ಣಲ್ಲಿದೆ. ನಸುಗೆಂಪು ಗೋಡೆ, ಅದರ ಮೇಲೆ ಎಳೆಎಳೆಯಾದ ರಕ್ತನಾಳ, ಮೂಲೆಯ ಕಿಟಕಿ ತಾನಾಗಿ ತೆರೆದು ಒಂದು ಗುಟುಕು ನೀರು ಬಿಟ್ಟು ಮತ್ತೆ ಮುಚ್ಚಿಕೊಂಡಿತು. ಯಾರದೋ ಮನೆಯೊಳಗೆ ಹೇಳದೆ ಕೇಳದೆ ನಿಂತಿದ್ದೆ, ಆ ಮನೆ ಉಸಿರಾಡುತ್ತಿತ್ತು. ನನಗದು ಹಿಡಿಸಿತು. ತುಮಕೂರಿನಲ್ಲಿ ಎಷ್ಟು ಸಿಸ್ಟರುಗಳಿಗೆ ಆ ಭಾಗ್ಯ ಇತ್ತು? ಸುಮ್ಮನಿದ್ದದ್ದಕ್ಕೆ ಅದೂ ಕಾರಣ.

ಎರಡು ವರ್ಷದ ಮೇಲೆ ನನ್ನ ಸೋದರಮಾವನ ಸರದಿ ಬಂತು. ಅಪ್ಪ ಇಲ್ಲದ ನನ್ನನ್ನು ಸಾಕಿ, ನರ್ಸಿಂಗ್ ಓದಿಸಿದವರು ಅವರು. ಗುಬ್ಬಿ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಶಾಪು ಇಟ್ಟಿದ್ದರು, ಗ್ರೀಸು ಹತ್ತಿ ಕರ್ರಗಾದ ಕೈ ಯಾವ ಸೋಪಿಗೂ ಬೆಳ್ಳಗಾಗುತ್ತಿರಲಿಲ್ಲ. ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಿತು. ಎಕ್ಸ್‌ರೇಯಲ್ಲಿ ಕಲ್ಲು ಕಂಡಿತು. ಓದಿದವಳು ನಾನೇ. ರಕ್ತಕ್ಕೆ ಕಲ್ಲೇ ಕಾರಣ ಎಂದುಕೊಂಡೆವು.

"ಬೆಂಗ್ಳೂರಿಗೆ ಹೋಗೋಣ ಮಾವ" ಎಂದೆ.

"ಯಾಕೆ? ನಿಮ್ ಡಾಕ್ಟ್ರು ಇಲ್ವಾ? ನೀನೇ ಹೇಳ್ತಿದ್ದೆ, ಒಳಗೆಲ್ಲ ಕಾಣ್ತದೆ ಅವ್ರಿಗೆ ಅಂತ."

ಯಾಕೆ ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು. ಹೋಗಲಿ, ಕೊನೆಗೆ ನಾನು ನೋಡುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆಪರೇಷನ್ ದಿನ ಬೆಳಿಗ್ಗೆ ಮಾವ ನನ್ನನ್ನು ವಾರ್ಡಿನ ಮೂಲೆಗೆ ಕರೆದರು. ನೆಲ ನೋಡುತ್ತಾ, "ನೀನು ಒಳಗೆ ಇರ್ಕೂಡ್ದು ಕಣವ್ವ. ಬೇರೆ ಯಾರ್ನಾದ್ರೂ ನಿಲ್ಸು" ಎಂದರು. ಸೋದರಮಾವ ಎಂದರೆ ನಮ್ಮ ಕಡೆ ಸಲಿಗೆಯೂ ಉಂಟು, ನಾಚಿಕೆಯೂ ಉಂಟು. ಕಾಲು ಮೇಲೆತ್ತಿ ಕಟ್ಟಿಸಿಕೊಂಡು ಬೆತ್ತಲೆ ಮಲಗಿದ ಜಾಗದಲ್ಲಿ ಸೋದರ ಸೊಸೆ ನಿಂತಿರುವುದು ಅವರಿಂದ ಸಹಿಸಲಾಗದ ಮಾತು. ನಾನು ಇದು ನಮ್ಮ ಕೆಲಸ ಎಂದೆ, ದಿನಾ ನೋಡುವುದು ಎಂದೆ. "ಹಂಗಾದ್ರೆ ನಂಗೆ ಬ್ಯಾಡ ಬುಡು, ಊರಿಗೋಯ್ತೀನಿ" ಎಂದು ಚೀಲ ಕೈಗೆತ್ತಿಕೊಂಡರು.

ಡಾಕ್ಟರಿಗೆ ಹೇಳಿದೆ. "ಕಲ್ಲು ತಾನೆ? ಕೈ ಸಾಕು" ಎಂದರು.

ಬಾಗಿಲ ಹೊರಗೆ ನಿಂತೆ. ಒಳಗಿನಿಂದ ಆ ತಗ್ಗಿದ ದನಿ ಕೇಳುತ್ತಿತ್ತು. ಬಾಗಿಲು, ಹಜಾರ, ಎರಡು ಕಿಟಕಿ. ಕಟಕಟ ಸದ್ದು. ಕೊನೆಗೆ, "ಎಲ್ಲ ಸ್ವಚ್ಛ ಯಜಮಾನ್ರೆ, ಗೋಡೆ ಎಲ್ಲ ಸುಣ್ಣ ಹೊಡೆದ ಹಾಗಿದೆ." ಯಾರೂ ನೋಡಿರಲಿಲ್ಲ. ಯಾರೂ ನೋಡಿಲ್ಲ ಎಂದು ತಿಳಿದಿದ್ದವರು ಇಬ್ಬರು. ಒಬ್ಬರು ಒಳಗೆ ಹಾಗೆ ಹೇಳುತ್ತಿದ್ದರು, ಒಬ್ಬಳು ಹೊರಗೆ ಗೋಡೆಗೊರಗಿ ಕೇಳುತ್ತಿದ್ದಳು.

ಹನ್ನೊಂದು ತಿಂಗಳಿಗೆ ಮತ್ತೆ ರಕ್ತ. ನೋವಿಲ್ಲ, ಎಕ್ಸ್‌ರೇಯಲ್ಲಿ ಕಲ್ಲಿಲ್ಲ. ಆಗಷ್ಟೇ ನಮ್ಮಲ್ಲಿಗೆ ಕ್ಯಾಮೆರಾ, ಟೀವಿ ಬಂದಿದ್ದವು, ಬೆಂಗಳೂರಿಗೆ ಕಳಿಸುವ ಮೊದಲು ಇಲ್ಲೇ ಒಮ್ಮೆ ನೋಡಿಬಿಡೋಣ ಎಂದುಕೊಂಡೆವು. ಸ್ಕೋಪಿನ ತುದಿಗೆ ಕ್ಯಾಮೆರಾ ಸಿಕ್ಕಿಸಿದರೆ ಒಳಗಿನದೆಲ್ಲ ಟೀವಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಈ ಸಲ ನಾನು ಕೇಳಲಿಲ್ಲ. "ಮಾವ, ನಾನು ಒಳಗಿರ್ತೀನಿ" ಎಂದೆ. ಮುಖ ಗೋಡೆಗೆ ತಿರುಗಿಸಿಕೊಂಡು ಹೂಂ ಎಂದರು.

ಡಾಕ್ಟರು ಸ್ಟೂಲಿನ ಮೇಲೆ ಕೂತರು. ಟೀವಿಯ ಕಡೆ ತಿರುಗಲೇ ಇಲ್ಲ. ಸ್ಕೋಪು ಒಳಗೆ ಹೋಯಿತು, ಅವರು ಬಾಯಿ ತೆರೆಯಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಆ ಥಿಯೇಟರಿನಲ್ಲಿ ಮಾತಿಲ್ಲ. ಆಮೇಲೆ ಒಂದು ದನಿ ಕೇಳಿತು. ತಗ್ಗಿದ ದನಿ, ಅದೇ ಏರಿಳಿತ. ನನ್ನದೇ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಬಾಗಿಲು ದಾಟಿದ್ವಿ ಸಾರ್. ಹಜಾರಕ್ಕೆ ಬಂದ್ವಿ. ಎಡಗಡೆ ಕಿಟಕಿ ಸರಿಯಾಗಿದೆ."

ಅವರ ಕೈ ನನ್ನ ಮಾತಿನ ಹಿಂದೆ ಬಂತು. ಬಲಗಡೆ ತಿರುಗಿತು. ಅಲ್ಲಿ, ಕಿಟಕಿಯ ಪಕ್ಕದ ಗೋಡೆಯ ಮೇಲೆ ಅದು ಇತ್ತು. ಕೆಂಪಗೆ, ಕುಚ್ಚುಕುಚ್ಚಾಗಿ, ನೀರಿನಲ್ಲಿ ಮೆಲ್ಲಗೆ ತೂಗಾಡುತ್ತಾ. ಅನಸ್ತೇಷಿಯಾ ಡಾಕ್ಟರು ಪೇಪರ್ ಮಡಿಸಿ ಎದ್ದು ನಿಂತರು. ಪರದೆಯ ಆಚೆ ಮಾವ ಕಿವಿಗೊಟ್ಟು ಮಲಗಿದ್ದರು.

"ಬಲಗಡೆ ಕಿಟಕಿ ಹತ್ರ... ಪಾಚಿ ಥರ ಇದೆ ಸಾರ್."

ಡಾಕ್ಟರು ಸ್ಕೋಪಿನ ತುದಿಯಿಂದ ಅದನ್ನು ಮುಟ್ಟಿದರು. ಕಿವಿ ಅತ್ತ ವಾಲಿಸಿದರು. ಇನ್ನೊಮ್ಮೆ ಮುಟ್ಟಿದರು.

"ಸದ್ದಿಲ್ಲ" ಎಂದರು.

ಸ್ಕೋಪು ಹೊರಗೆ ತೆಗೆದು ಟ್ರೇಯಲ್ಲಿ ಅದರ ಜಾಗದಲ್ಲೇ ಇಟ್ಟರು. ಎದ್ದು ಪರದೆಯ ಆಚೆ ಹೋಗಿ, ಮಾವನ ಆ ಕಪ್ಪು ಕೈಯನ್ನು ಹುಡುಕಿ ಹಿಡಿದುಕೊಂಡರು. "ಯಜಮಾನ್ರೆ, ಹೋದ್ಸಲ ನಾನು ನೋಡ್ಲಿಲ್ಲ. ನನಗೆ ಕಣ್ಣು ಕಾಣಲ್ಲ. ಸುಳ್ಳು ಹೇಳ್ದೆ." ಅನಸ್ತೇಷಿಯಾ ಡಾಕ್ಟರು, ಇದು ಯಾರಿಗೆಲ್ಲ ಗೊತ್ತು ಎಂದು ಗಟ್ಟಿಯಾಗಿ ಕೇಳಿದರು. ಇವರು ನನ್ನ ಹೆಗಲಾಚೆ ನೋಡಿದರು. ಎಂದರೆ ನನ್ನ ಮುಖ ನೋಡಿದರು.

"ನನಗೊಬ್ಬನಿಗೇ" ಎಂದರು. ನಾನು ಸುಮ್ಮನಿದ್ದೆ.

ಅವತ್ತೇ ಅವರು ಕೆಲಸ ಬಿಟ್ಟರು. ಮಾವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅದು ಕ್ಯಾನ್ಸರ್ ಗಡ್ಡೆ, ಗೋಡೆಯೊಳಗೆ ಬೇರು ಬಿಟ್ಟಿತ್ತು. ಹನ್ನೊಂದು ತಿಂಗಳ ಹಿಂದೆ ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ನೋಡಿರಲಿಲ್ಲ. ಮಾವ ಒಂದೂವರೆ ವರ್ಷ ಬದುಕಿದ್ದರು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದುಕೊಂಡು, "ನೀನು ಒಳಗಿದ್ದಿದ್ರೆ ಅವತ್ತೇ ಕಂಡಿರೋದು. ನಾನೇ ಆಚೆ ಕಳ್ಸಿದ್ದು. ನಿನ್ ತಪ್ಪೇನೈತವ್ವ" ಎಂದರು. ನನಗೆ ಗೊತ್ತಿತ್ತು ಮಾವ ಎನ್ನಬೇಕಿತ್ತು. ತುಟಿಯವರೆಗೆ ಬಂತು. ಅವರಿಗೆ ನೀರು ಕುಡಿಸಿದೆ. ಅವರು ಹೋದಮೇಲೆ ಆ ಮಾತು ನನ್ನೊಳಗೇ ಉಳಿಯಿತು. ಊಟಕ್ಕೆ ಕೂತರೆ, ಬಸ್ಸಿನಲ್ಲಿ ಕೂತರೆ ಅದು ಅಲ್ಲೇ ಇರುತ್ತಿತ್ತು.

ಡಾಕ್ಟರ ಮೇಲೆ ನನಗಿದ್ದದ್ದು ಸಿಟ್ಟೋ ಋಣವೋ, ಬಹಳ ವರ್ಷ ಅವರ ಮನೆ ಕಡೆ ಹೋಗಲಿಲ್ಲ. ಹೋದದ್ದು ಅವರು ತೀರಿಹೋಗುವುದಕ್ಕೆ ಒಂದು ತಿಂಗಳ ಮುಂಚೆ, ಒಂದು ಮಧ್ಯಾಹ್ನ. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಡಾಕ್ಟರು ನನ್ನ ದನಿಗೇ ಗುರುತು ಹಿಡಿದು, ಹೆಗಲಾಚೆ ನೋಡುತ್ತಾ ಮಾತಾಡಿದರು.

"ಈಚೆಗೆ ನನಗೆ ಜನ ಕಾಣ್ತಾರೆ ಸಿಸ್ಟರ್. ನೋಟ ಸತ್ತಿದೆಯಲ್ಲ, ಆ ನಡುವಿನ ಜಾಗದಲ್ಲೇ ಬಂದು ನಿಲ್ತಾರೆ. ಕಣ್ಣು ಹೋದೋರಿಗೆ ಹೀಗಾಗೋದುಂಟು, ಹುಚ್ಚಲ್ಲ ಅಂತ ಕಣ್ಣಿನ ಡಾಕ್ಟ್ರು ಹೇಳಿದಾರೆ. ಯಾರೂ ಸದ್ದು ಮಾಡಲ್ಲ. ಅದಕ್ಕೇ ನಾನು ಅವರನ್ನ ಲೆಕ್ಕಕ್ಕಿಡಲ್ಲ." ಆಮೇಲೆ ಕೇಳಿದರು. "ಈಗ ನಿಮ್ಮ ಹಿಂದೆ ಬಾಗಿಲಲ್ಲಿ ಒಬ್ಬರು ನಿಂತಿದಾರೆ. ನಿಜವಾಗ್ಲೂ ಇದಾರಾ, ನೋಡಿ ಹೇಳಿ."

ನನ್ನ ಹೆಗಲು ತಣ್ಣಗಾಯಿತು. ತಿರುಗಲಿಲ್ಲ. "ಹೇಗಿದಾರೆ ಸಾರ್?" ಎಂದೆ.

"ವಯಸ್ಸಾಗಿದೆ. ಸಣಕಲು. ಕೈ ಎರಡೂ ಕಪ್ಪಗಿದೆ, ಮಸಿ ಹಿಡಿದ ಹಾಗೆ."

ಮಾವನ ಕೈಯನ್ನು ಅವರು ಹಿಡಿದದ್ದುಂಟು. ನೋಡಿದ್ದು ಮಾತ್ರ ಎಂದೂ ಇಲ್ಲ. ಆ ಕೈ ಕಪ್ಪಗಿತ್ತೆಂದು ನಾನಂತೂ ಹೇಳಿರಲಿಲ್ಲ.

ತಿರುಗಿ ನೋಡಿದೆ. ತೆರೆದ ಬಾಗಿಲು, ಹೊಸ್ತಿಲ ಮೇಲೆ ಬಿಸಿಲು, ಆಚೆ ನನ್ನ ಚಪ್ಪಲಿ. ನಾನು ಎದ್ದು ಆ ಬಾಗಿಲಿಗೆ ಮುಖ ಮಾಡಿ ನಿಂತೆ.

"ಮಾವ, ಅವರಿಗೆ ಕಾಣಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತು" ಎಂದೆ.

ಬಿಸಿಲು ಅಲ್ಲೇ ಇತ್ತು. ಹಿಂದೆ ಕುರ್ಚಿ ಕಿರುಗುಟ್ಟಿತು. ಡಾಕ್ಟರು ಮುಂದಕ್ಕೆ ಬಾಗಿ, ಕಿವಿ ವಾಲಿಸಿ ಕೂತಿದ್ದರು.

"ಅವ್ರು ಏನಾದ್ರೂ ಅಂದ್ರಾ ಸಿಸ್ಟರ್?"

ನಾನು ಬಹಳ ಹೊತ್ತು ಕಿವಿಗೊಟ್ಟು ನಿಂತಿದ್ದೆ.

"ಸದ್ದಿಲ್ಲ ಸಾರ್" ಎಂದೆ.